ಎಡಗೈಯ ಗೆರೆ

ಸ್ವರ್ಣಸಂದ್ರದ ಈ ಹಿಂದಿನ ಕೋಣೆಯಲ್ಲಿ
ಫ್ಯಾನು ಆರಿಸಿ, ಫ್ರಿಜ್ಜಿನ ಪ್ಲಗ್ಗು ಕಿತ್ತು
ಕೂತದ್ದು ಬರೀ ಅಭ್ಯಾಸಬಲ.
ಇವತ್ತು ಮೈಕಿಲ್ಲ, ಹಾಡುವವರಿಲ್ಲ.
ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೇಲರ್ ಎಳಕೊಂಡು
ಫ್ಯಾಕ್ಟರಿ ಕಡೆ ಎಷ್ಟು ಜೋರಾಗಿ ಹೋದರೂ
ಈ ವಾದ್ಯಗಳಿಗೆ ತಾಕುವುದಿಲ್ಲ.
ಕಿವಿಯಿಲ್ಲದ ವಾದ್ಯಗಳು.

ಹದಿನಾಲ್ಕು ಟ್ರ್ಯಾಕು. ಮಿಕ್ಸಿಂಗಿಗೆ ಮೊದಲು
ಒಂದೊಂದನ್ನೂ ದನಿ ಮಾಡಿಡಬೇಕು.
ಈಗ ಇರುವುದು ದನಿಯಲ್ಲ, ಚೀಟಿ:
ಯಾವ ಮನೆ, ಎಷ್ಟು ಹೊತ್ತು, ಒತ್ತಿದ್ದು ಎಷ್ಟು ಬಿರುಸು.
ದಿನಸಿ ಚೀಟಿ ಇದ್ದ ಹಾಗೆ;
ಹಸಿವಾದರೆ ಅದನ್ನೇ ತಿನ್ನಲಾಗದು.

ಹೆಸರುಗಳಿಂದ ಶುರುಮಾಡಿದೆ.
'ಪ್ಯಾಡ್ ಹೊಸದು', 'ಪ್ಯಾಡ್ ಹೊಸದು ನಿಜ',
'ಬೇಸ್ ನಕಲು ನಕಲು', 'ಬೇಡ', 'ಬೇಡ ಆದ್ರೂ ಇರ್ಲಿ'.
ಪುಣ್ಯಕ್ಕೆ, ಮಗಳಿಗೆ ಹೆಸರಿಟ್ಟವಳು ಇವಳು.

ಎರಡು ಬೇಸನ್ನು ಒಂದು ಮಾಡಿದೆ.
ಪ್ಯಾಡಿನ ಬಾಲ ಕತ್ತರಿಸದೆ ನಾಲ್ಕು ಬಾರು ಹೆಚ್ಚಿಗೆ ಬಿಟ್ಟೆ,
ಅಚ್ಚಿನಲ್ಲಿ ಬೆಲ್ಲಕ್ಕೆ ಬಿಡುವ ಹಾಗೆ,
ಆರಲು ಒಂದಿಷ್ಟು ಹೊತ್ತು.
ಏದುಸಿರು ಬಿಡುತ್ತಿದ್ದ ಲ್ಯಾಪ್‌ಟಾಪು
ಟ್ರ್ಯಾಕು ಒಂದೊಂದೇ ಗಟ್ಟಿಯಾದಂತೆ ತಣ್ಣಗಾಯಿತು.

ಹತ್ತನೆಯದು: 'ಜವರಪ್ಪ ಮಾಸ್ತರು, ಪೆಟ್ಟಿಗೆ'.

ನಲವತ್ತು ವರ್ಷ, ಊರೂರಿನ ನಾಟಕದಲ್ಲಿ
ಬಣ್ಣ ಹಚ್ಚಿದ ಪಂಚಾಯ್ತಿ ಮೆಂಬರುಗಳಿಗೆ
ಶ್ರುತಿ ಹಿಡಿಸಿದ ಕೈ.
ಅವತ್ತು ಅವರ ಪೆಟ್ಟಿಗೆ ರಿಪೇರಿಗೆ ಹೋಗಿತ್ತು.
ನನ್ನ ಪ್ಲಾಸ್ಟಿಕ್ ಕೀಬೋರ್ಡಿನ ಮುಂದೆ
ಚಕ್ಕಳಮಕ್ಕಳ ಹಾಕಿ ಬಲಗೈ ಇಟ್ಟರು.
ಎಡಗೈ ಹಿಂದೆ ಹೋಯಿತು, ಏನನ್ನೋ ತಡಕಿತು.
ವೈರು ಸಿಕ್ಕಿತು.
'ತಿದಿ ಎಲ್ಲೈತ್ಲಾ ಇದ್ಕೆ?'
ಇಲ್ಲ ಮಾಸ್ತರೇ, ಗಾಳಿಯದೆಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತೆ ಅಂದೆ.
'ನಾ ಎಲ್ಲಿ ನಿಲ್ಲುಸ್ತೀನಿ ಅಂತ ಅದ್ಕೇನ್ಲಾ ಗೊತ್ತು' ಅಂದವರೇ
ನುಡಿಸಿಬಿಟ್ಟರು, ಒಂದೇ ಸಲಕ್ಕೆ.
ಎಡಗೈ ಮಾತ್ರ ಕೊನೆಯವರೆಗೂ
ಬರೀ ಗಾಳಿಯನ್ನು ಹಿಡಿದು ಬಿಡುತ್ತಿತ್ತು,
ಹಿಡಿದು ಬಿಡುತ್ತಿತ್ತು.

ಅದು ಚೀಟಿಯಲ್ಲಿ ಬಂದಿಲ್ಲ.
ಬಲಗೈಯದಷ್ಟೇ ಇದೆ. ಸ್ವರ ಸರಿ, ಹೊತ್ತು ಸರಿ,
ಕೇಳಿದರೆ ಯಾರೋ ರೆಪ್ಪೆ ಬಡಿಯದೆ
ನಮ್ಮನ್ನೇ ನೋಡುತ್ತಿರುವ ಹಾಗೆ.

ಪ್ಲಗಿನ್ನಿನ ಮೂಲೆಯಲ್ಲಿ ಗಾಳಿಗೊಂದು ತಿರುಪು ಇದೆ.
ಅದರ ಗೆರೆ ತೆರೆದೆ:
ನೀರು ಬಿಡದ ವಿ.ಸಿ. ನಾಲೆಯ ಹಾಗೆ
ಉದ್ದಕ್ಕೆ, ಸಪಾಟಾಗಿ, ಸುಮ್ಮನೆ ಮಲಗಿತ್ತು.
ಕಣ್ಣು ಮುಚ್ಚಿ ಆ ಕೈಯನ್ನು ನೆನೆದೆ,
ಎಲ್ಲಿ ಅವಸರಿಸಿತು, ಪಲ್ಲವಿಯ ತುದಿಯಲ್ಲಿ
ಹೇಗೆ ಅರ್ಧಕ್ಕೇ ನಿಂತು
ಉಳಿದ ಗಾಳಿಯಲ್ಲೇ ಕೊನೆಯ ಸ್ವರ ದಾಟಿಸಿತು.
ಮೌಸಿನಲ್ಲಿ ಬರೆದೆ. ದಿಬ್ಬ, ಇಳುಕಲು, ದಿಬ್ಬ.
ನೂರಾ ಹನ್ನೆರಡು ಚುಕ್ಕಿ. ರಾತ್ರಿ ಒಂದೂವರೆ.
ಗೊತ್ತು, ಇದು ನನ್ನ ಗೆರೆ, ಅವರದಲ್ಲ.
ಚರಣದಲ್ಲಿ ಒಂದು ಕಡೆ ಎಡವಿದ್ದೇನೆ;
ಅವರು ಎಡವಿರಲಿಲ್ಲ.

ನಿದ್ದೆಗಣ್ಣಲ್ಲಿ ಬಾಗಿಲಿಗೆ ಬಂದಳು ಇವಳು:
'ಫ್ರಿಜ್ಜು ಮತ್ತೆ ಆಫ್ ಮಾಡಿದ್ದೀರಾ?
ಹಾಲು ಒಡೆದ್ರೆ ನೀವೇ ಕುಡೀರಿ.'
ಬಂದೆ, ಇದೊಂದು, ಅಂದೆ.

ರೆಂಡರ್ ಒತ್ತಿದೆ. ಹಸಿರು ಪಟ್ಟಿ ತೆವಳಿತು.
ಚೀಟಿಯಿದ್ದಲ್ಲಿ ಅಲೆ ಬಂತು,
ಉಬ್ಬಿ, ಕುಗ್ಗಿ, ಮತ್ತೆ ಉಬ್ಬಿ.
ಇನ್ನಿದರಲ್ಲಿ ಒಂದು ಮನೆಯನ್ನೂ ಕದಲಿಸುವಂತಿಲ್ಲ.
ಹಳೆಯದನ್ನು ಅಳಿಸಲಿಲ್ಲ. ಮ್ಯೂಟ್ ಮಾಡಿ
ಎಲ್ಲಕ್ಕಿಂತ ಕೆಳಗಿಳಿಸಿ ಹೆಸರು ತಿದ್ದಿದೆ:
'ಮಾಸ್ತರು, ಬಲಗೈ'.
ಹೊಸದಕ್ಕೆ ಏನೆನ್ನಬೇಕೋ ಹೊಳೆಯಲಿಲ್ಲ.

ಇನ್ನೂ ನಾಲ್ಕು ಬಾಕಿ. ನಾಳೆಗಿರಲಿ.
ದೀಪ ಆರಿಸಿ, ಫ್ರಿಜ್ಜಿನ ಪ್ಲಗ್ಗು ಹಿಡಿದು
ಅಡುಗೆಮನೆಯ ಕತ್ತಲಲ್ಲಿ ನಿಂತೆ.
ಸಾಕೆಟ್ಟು ಹುಡುಕುತ್ತ
ಗೋಡೆಯನ್ನು ತಡಕಿತು ಎಡಗೈ.